ಏಳು ಮನೆಯ ಅರವತ್ತಮೂರನೇ ಟ್ಯೂಬು

ಸೋಮವಾರ, ತಾರೀಕು ಹನ್ನೊಂದು, ಬೆಳಿಗ್ಗೆ 9-35ಕ್ಕೆ ಸಂಶೋಧನಾ ಕೇಂದ್ರದ ಡ್ರೈವರ್ ಒಂದು ಕಾಗದ ಹಿಡಿದುಕೊಂಡು ಠಾಣೆಗೆ ಬಂದ. ಕೇಂದ್ರದ ನಿರ್ದೇಶಕರ ಸಹಿಯಿದ್ದ ಅರ್ಧ ಪುಟದ ದೂರು ಅದು. ನೆಲಮಾಳಿಗೆಯಲ್ಲಿ ದ್ರವ ಸಾರಜನಕ ಇಡುವ ಕೋಣೆಯಲ್ಲಿ ತಮ್ಮ ಲ್ಯಾಬ್ ಟೆಕ್ನಿಷಿಯನ್, ವಯಸ್ಸು ಮೂವತ್ತಾರು, ಸತ್ತು ಬಿದ್ದಿದ್ದನ್ನು ಕಸ ಗುಡಿಸುವಾಕೆ 8-10ಕ್ಕೆ ನೋಡಿದಳು ಎಂದು ಅದರಲ್ಲಿತ್ತು. ಕೊನೆಯ ಸಾಲು ಹೀಗಿತ್ತು: "ಮೃತರು ಸುರಕ್ಷತಾ ನಿಯಮ ಮೀರಿ ಒಬ್ಬರೇ ಒಳಗೆ ಹೋಗಿ, ಸ್ವಂತ ನಿರ್ಲಕ್ಷ್ಯದಿಂದ ಮರಣ ಹೊಂದಿರುತ್ತಾರೆ."

ಇನ್‌ಸ್ಪೆಕ್ಟರ್ ಅದನ್ನು ಎರಡು ಸಲ ಓದಿದರು. ಇಪ್ಪತ್ತೆರಡು ವರ್ಷ ಸರ್ವಿಸಾದ ಹೆಂಗಸು ಅವರು. ಹೆಣ ಸಿಕ್ಕಿ ಒಂದೂವರೆ ಗಂಟೆಯೂ ಆಗಿಲ್ಲ, ಆಗಲೇ ತಪ್ಪು ಯಾರದೆಂದು ತೀರ್ಮಾನವಾಗಿ ಟೈಪೂ ಆಗಿ ಸೀಲೂ ಬಿದ್ದಿದೆ. ಇಷ್ಟು ಚುರುಕಾಗಿ ಕೆಲಸ ಮಾಡುವ ಕಚೇರಿಗಳನ್ನು ಕಂಡರೆ ಅವರಿಗೆ ಮೈ ಉರಿಯುತ್ತಿತ್ತು.

"ಅಸ್ವಾಭಾವಿಕ ಮರಣ ಅಂತ ದಾಖಲು ಮಾಡ್ಕೊಳ್ಳಿ. ಸದ್ಯಕ್ಕೆ," ಎಂದು ರೈಟರಿಗೆ ಹೇಳಿ, ದಫೇದಾರನನ್ನು ಕರೆದುಕೊಂಡು ಹೊರಟರು. ಈ ದಫೇದಾರನಿಗೆ ಠಾಣೆಯಲ್ಲಿ ಕ್ಯಾಲೆಂಡರ್ ಎಂದೇ ಹೆಸರು. ಯಾವ ಕಳ್ಳ ಯಾವ ತಾರೀಕು ಎಲ್ಲಿ ಸಿಕ್ಕಿಬಿದ್ದ ಎಂದು ಕೇಳಿದರೆ, ಅವತ್ತು ಬಿಸಿಲಿತ್ತೋ ಮೋಡವಿತ್ತೋ ಎನ್ನುವುದನ್ನೂ ಸೇರಿಸಿ ಹೇಳುವ ಮನುಷ್ಯ.

ನೆಲಮಾಳಿಗೆಗೆ ಹದಿನಾರು ಮೆಟ್ಟಿಲು. ಕಿಟಕಿಯಿಲ್ಲದ ಓಣಿಯ ಕೊನೆಗೆ ಬೂದು ಬಣ್ಣದ ಕಬ್ಬಿಣದ ಬಾಗಿಲು, ಹೊರಗಡೆ ಚಿಲಕ. ಪಕ್ಕದ ಗೋಡೆಯ ಮೇಲೆ ಎರಡು ಸ್ವಿಚ್ಚು: ಒಂದು ಗಾಳಿ ಹೊರಹಾಕುವ ಫ್ಯಾನಿನದು, ಇನ್ನೊಂದು ಆಮ್ಲಜನಕ ಅಳೆಯುವ ಮೀಟರಿನದು. ಒಳಗೆ ಹತ್ತಡಿ ಹನ್ನೆರಡಡಿ ಜಾಗದಲ್ಲಿ ಎದೆಯೆತ್ತರದ ನಾಲ್ಕು ಉಕ್ಕಿನ ತೊಟ್ಟಿಗಳು. ಟೆಕ್ನಿಷಿಯನ್ ಮೂರನೇ ತೊಟ್ಟಿಯ ಬುಡದಲ್ಲಿ ಮಗ್ಗುಲಾಗಿ ಬಿದ್ದಿದ್ದ. ಕೈಗೆ ದಪ್ಪ ಗ್ಲೌಸು, ಮುಖಕ್ಕೆ ಪಾರದರ್ಶಕ ಕವಚ, ಮೈಮೇಲೆ ಏಪ್ರನ್ನು. ಎಲ್ಲ ಕಟ್ಟುನಿಟ್ಟಾಗಿ ಹಾಕಿಕೊಂಡಿದ್ದ. ನೆಲದ ಮೇಲಿದ್ದ ಪೈಪಿಗೆ ಕೆನ್ನೆ ತಾಗಿ ಅಲ್ಲಿ ಚರ್ಮ ಬೆಳ್ಳಗೆ ಸತ್ತುಹೋಗಿತ್ತು.

"ಗ್ಯಾಸಿನ ವಾಸನೆ ಏನೂ ಬರ್ತಿಲ್ಲ," ಎಂದ ಕ್ಯಾಲೆಂಡರ್.

"ಅದೇ ಇದರ ಅಪಾಯ," ಎಂದರು ಬಾಗಿಲ ಬಳಿ ನಿಂತಿದ್ದ ಪ್ರೊಫೆಸರು. ಸತ್ತವನು ಅವರ ಕೈಕೆಳಗೆ ಕೆಲಸ ಮಾಡುತ್ತಿದ್ದವನು. ಪ್ರೊಫೆಸರ ಕಣ್ಣು ಕೆಂಪಾಗಿತ್ತು, ಶರ್ಟಿನ ಗುಂಡಿ ಒಂದು ಮನೆ ತಪ್ಪಿ ಸೇರಿತ್ತು. "ಸಾರಜನಕ ಆವಿಯಾಗಿ ಕೋಣೆ ತುಂಬಿಕೊಂಡ್ರೆ ಆಮ್ಲಜನಕಕ್ಕೆ ಜಾಗ ಇರೋದಿಲ್ಲ. ಉಸಿರು ಕಟ್ಟಿದ ಹಾಗೆ ಆಗಲ್ಲ, ಕೆಮ್ಮು ಬರಲ್ಲ. ಎರಡು ಉಸಿರು, ಅಷ್ಟೇ. ಬಿದ್ದವರಿಗೆ ಬಿದ್ದದ್ದೂ ಗೊತ್ತಾಗಲ್ಲ. ಅದಕ್ಕೇ ನಮ್ಮಲ್ಲಿ ಒಂದು ನಿಯಮ ಇದೆ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಬಾಗಿಲಲ್ಲಿ ನಿಂತಿರಲೇಬೇಕು. ಆ ನಿಯಮ ಬರೆದು ಗೋಡೆಗೆ ಅಂಟಿಸಿದವನೇ ಇವನು. ಅವನು ಒಬ್ಬನೇ ಹೋದ ಅಂದ್ರೆ ನಾನು ನಂಬಲ್ಲ."

"ಹಾಗಾದ್ರೆ ಬಾಗಿಲಲ್ಲಿ ಯಾರು ನಿಂತಿದ್ರು?"

ಪ್ರೊಫೆಸರಿಗೂ ಗೊತ್ತಿರಲಿಲ್ಲ. ಅವನನ್ನು ಕೊನೆಗೆ ಕಂಡದ್ದು ಶನಿವಾರ, ಅಂದು ಮಧ್ಯಾಹ್ನ ಎರಡಕ್ಕೇ ಎಲ್ಲರೂ ಮನೆಗೆ ಹೋಗಿದ್ದರು. ಗೇಟಿನ ವಾಚ್‌ಮನ್ ಕೂಡ ಮುಂದಿನ ಗೇಟು ಬಿಟ್ಟು ಕದಲುವವನಲ್ಲ, ಹಿಂದಿನ ಗೇಟಿನ ಬೀಗದ ಕೈ ಟೆಕ್ನಿಷಿಯನ್ ಹತ್ತಿರವೇ ಇತ್ತು.

ಪಂಚರನ್ನು ಕರೆಸಿ ಪಂಚನಾಮೆ ಶುರುವಾದಾಗ 11-20. ಪೈಪು, ಗ್ಲೌಸು, ಚಿಲಕದ ಮೇಲಿನ ಬೆರಳಚ್ಚು, ಎಲ್ಲ ಒಂದೊಂದಾಗಿ ಪುಟಕ್ಕಿಳಿಯಿತು. ಮುಗಿದ ಮೇಲೆ ಇನ್‌ಸ್ಪೆಕ್ಟರ್ ಪುಟದ ಕೆಳಗಡೆ ಉಳಿದ ಖಾಲಿ ಜಾಗಕ್ಕೆ ಓರೆಯಾಗಿ ಗೆರೆ ಎಳೆದರು. ಪೊಲೀಸರ ರೂಢಿ ಅದು. ಖಾಲಿ ಬಿಟ್ಟರೆ ಆಮೇಲೆ ಯಾರಾದರೂ ಏನಾದರೂ ಸೇರಿಸಿಯಾರು. ಗೆರೆ ಎಳೆದು ತಲೆಯೆತ್ತಿದರೆ ಅದೇ ತರಹದ ಇನ್ನೊಂದು ಗೆರೆ ಕಣ್ಣಿಗೆ ಬಿತ್ತು.

ಬಾಗಿಲ ಪಕ್ಕದ ಮೊಳೆಗೆ ಒಂದು ರಿಜಿಸ್ಟರ್ ತೂಗುಹಾಕಿತ್ತು, ಅದಕ್ಕೆ ದಾರ ಕಟ್ಟಿದ ಪೆನ್ನು. ಒಳಗೆ ಹೋದವರು ಯಾರು, ಬಾಗಿಲಲ್ಲಿ ನಿಂತವರು ಯಾರು, ಎಷ್ಟು ಹೊತ್ತಿಗೆ ಎಂದು ಬಾಗಿಲಲ್ಲಿ ನಿಂತವರು ಬರೆಯಬೇಕು. ಕೊನೆಯ ನಮೂದು ಶುಕ್ರವಾರ, ಎಂಟನೇ ತಾರೀಕಿನದು. ಅದರ ಕೆಳಗೆ ಪುಟದ ಅರ್ಧ ಭಾಗ ಖಾಲಿ. ಆ ಖಾಲಿ ಜಾಗಕ್ಕೆ ಮೂಲೆಯಿಂದ ಮೂಲೆಗೆ ನೆಟ್ಟಗೆ ಒಂದು ಓರೆಗೆರೆ.

"ಇಲ್ಲಿ ಯಾರು ಹೀಗೆ ಗೆರೆ ಹೊಡೀತಾರೆ?"

ಪ್ರೊಫೆಸರು ಹಿಂದಿನ ಪುಟಗಳನ್ನು ತಿರುವಿದರು. "ಯಾರೂ ಇಲ್ಲ. ಪುಟ ತುಂಬೋವರೆಗೂ ಬರೀತಾ ಹೋಗ್ತೀವಿ. ಗೆರೆ ಯಾಕೆ ಹೊಡೆದಿದ್ದಾರೋ ಗೊತ್ತಿಲ್ಲ."

ಕ್ಯಾಲೆಂಡರ್ ಮೂಗು ತಾಗುವಷ್ಟು ಹತ್ತಿರ ಬಗ್ಗಿ ನೋಡಿದ. "ಮೇಡಂ, ಎರಡು ತುದಿಗೂ ಪುಟ್ಟ ಅಡ್ಡಗೀಟು ಇದೆ ನೋಡಿ. ನಾವು ಹೀಗೆ ಹಾಕಲ್ಲ, ಕೋರ್ಟಿನವರೂ ಹಾಕಲ್ಲ. ಆ ಗಡಿ ಜಗಳದ ಕೇಸಲ್ಲಿ ಸರ್ವೆ ಇಲಾಖೆ ಪುಸ್ತಕ ಜಪ್ತಿ ಮಾಡಿದ್ವಲ್ಲ, ಅದರಲ್ಲಿ ಪುಟ ಪುಟಕ್ಕೂ ಇದೇ ಇತ್ತು. ಹನ್ನೆರಡು ವರ್ಷದ ಹಿಂದೆ, ತಾರೀಕು ಇಪ್ಪತ್ತಾರು."

"ಬಿಸಿಲಿತ್ತಾ?"

"ಮೋಡ, ಮೇಡಂ."

ಲ್ಯಾಬಿಗೂ ನೆಲಮಾಳಿಗೆಗೂ ಬೀಗಮುದ್ರೆ ಹಾಕಿಸಿ ಇನ್‌ಸ್ಪೆಕ್ಟರ್ ಮೇಲೆ ಬಂದರು.

ಸತ್ತವನ ಹೆಂಡತಿ ಕೇಂದ್ರದ ಜಗುಲಿಯ ಮೇಲೆ ಕೂತಿದ್ದಳು. ಬಟ್ಟೆ ಹೊಲಿಯುವ ಕೆಲಸ. ಕೊರಳಲ್ಲಿ ಅಳತೆಯ ಟೇಪು ಹಾಗೇ ನೇತಾಡುತ್ತಿತ್ತು. ಎರಡು ಮಕ್ಕಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಓಡಿಬಂದಿದ್ದಳು.

"ಶನಿವಾರ ಮನೆಗೆ ಬರಲಿಲ್ಲ ಅಂತ ಗಾಬರಿ ಆಗಲಿಲ್ವಾ?"

"ಸ್ಯಾಂಪಲ್ ತರೋಕೆ ಹಳ್ಳಿ ಕಡೆ ಹೋಗ್ತೀನಿ, ಸೋಮವಾರ ಬರ್ತೀನಿ ಅಂದಿದ್ರು. ಆ ಕಡೆ ಫೋನು ಸಿಗಲ್ಲ. ಎಷ್ಟೋ ಸಲ ಹಾಗೆ ಹೋಗಿದ್ದಾರೆ." ಅವಳ ಕೈಯಲ್ಲಿ ನಿರ್ದೇಶಕರ ಪತ್ರದ ನಕಲಿತ್ತು. ಯಾರೋ ಪುಣ್ಯಾತ್ಮರು ಅವಳಿಗೂ ಒಂದು ಕೊಟ್ಟಿದ್ದರು. "ಮೇಡಂ, ಇದರಲ್ಲಿ ನಿರ್ಲಕ್ಷ್ಯ ಅಂತ ಬರೆದಿದ್ದಾರೆ. ಮಲಗೋ ಮುಂಚೆ ಸ್ಟವ್ ಆರಿಸಿದೀನಾ ಅಂತ ಮೂರು ಸಲ ಎದ್ದು ನೋಡೋರು ಅವರು. ನಾನು ನಗಾಡ್ತಿದ್ದೆ. ನಾಳೆ ಮಕ್ಕಳು ದೊಡ್ಡವರಾಗಿ ಈ ಕಾಗದ ಓದಿದ್ರೆ ಅಪ್ಪ ತನ್ನ ಬೇಜವಾಬ್ದಾರಿಯಿಂದ ಸತ್ತ ಅಂದ್ಕೊಳ್ತಾರೆ. ಈ ಮಾತೊಂದು ಉಳೀಬಾರದು. ನನಗೆ ಇನ್ನೇನೂ ಬೇಡ."

ಸಮಾಧಾನ ಹೇಳುವುದು ಇನ್‌ಸ್ಪೆಕ್ಟರಿಗೆ ಯಾವತ್ತೂ ಸರಿಯಾಗಿ ಬರುತ್ತಿರಲಿಲ್ಲ. "ನಿಜ ಏನಿದೆಯೋ ಅದನ್ನೇ ಬರೀತೀನಮ್ಮ," ಎಂದರು.

ಮಂಗಳವಾರ, ತಾರೀಕು ಹನ್ನೆರಡು. ಮರಣೋತ್ತರ ಪರೀಕ್ಷೆಯ ವರದಿ 10-50ಕ್ಕೆ ಬಂತು: ಆಮ್ಲಜನಕದ ಕೊರತೆಯಿಂದ ಸಾವು, ಹೊಡೆದಾಟದ ಗುರುತಿಲ್ಲ. ನಿರ್ದೇಶಕರು ಫೋನು ಮಾಡಿ, "ನಾವು ಹೇಳಿದ್ದೇ ಆಯ್ತಲ್ಲ," ಎಂದರು. ಇನ್‌ಸ್ಪೆಕ್ಟರ್ ಉತ್ತರ ಕೊಡದೆ ಫೋನಿಟ್ಟು, ಕೇಂದ್ರದ ಎಲೆಕ್ಟ್ರಿಷಿಯನ್‌ನನ್ನು ಕರೆಸಿದರು.

"ಆ ಮೀಟರ್ ಕೂಗಿಕೊಳ್ಳುತ್ತಲ್ಲ, ಶನಿವಾರ ಯಾಕೆ ಕೂಗಲಿಲ್ಲ?"

"ಕೂಗಿದ್ರೂ ಮೇಲೆ ಯಾರು ಇದ್ರು ಕೇಳೋಕೆ? ಆದ್ರೆ ಅದು ಕೂಗಿದ್ಯೋ ಇಲ್ವೋ ನೋಡಬಹುದು ಮೇಡಂ. ನಿಮಿಷಕ್ಕೊಂದು ಸಲ ಅಳತೆ ಅದರ ಹೊಟ್ಟೇಲಿ ಉಳಿದಿರುತ್ತೆ. ಇದು ಇಲ್ಲಿ ಯಾರಿಗೂ ಗೊತ್ತಿಲ್ಲ. ರಿಪೇರಿ ಮಾಡೋನು ನಾನೊಬ್ಬನೇ."

ಪಂಚರ ಎದುರಿಗೆ ಮೀಟರನ್ನು ಬಿಚ್ಚಿ ಕಂಪ್ಯೂಟರಿಗೆ ತಗುಲಿಸಿದರು. ಪರದೆಯ ಮೇಲೆ ಅಂಕಿಗಳು ಇಳಿದು ಬಂದವು. ಶನಿವಾರ ಸಂಜೆ 4-12ರವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ಅಂಕಿಯೇ ಇಲ್ಲ. ಮತ್ತೆ ಶುರುವಾದದ್ದು 4-41ಕ್ಕೆ, ಆಗ ಆಮ್ಲಜನಕ ಸಾಮಾನ್ಯ ಗಾಳಿಯಲ್ಲಿರುವುದರ ಕಾಲು ಭಾಗವೂ ಇರಲಿಲ್ಲ. ನಂತರ ಫ್ಯಾನು ಓಡಿದ ಹಾಗೆ ನಿಧಾನವಾಗಿ ಏರಿತ್ತು.

"ಜನರೇಟರ್ ಇದೆ, ಕರೆಂಟು ಹೋಗಲ್ಲ. ಸ್ವಿಚ್ಚು ಆರಿಸಿದ್ರೆ ಮಾತ್ರ ಹೀಗೆ," ಎಂದ ಎಲೆಕ್ಟ್ರಿಷಿಯನ್. ಫ್ಯಾನಿನದೂ ಮೀಟರಿನದೂ ಎರಡು ಸ್ವಿಚ್ಚೂ ಇರುವುದು ಬಾಗಿಲಿನ ಹೊರಗೆ. ಯಾರೋ ಅವನ್ನು ಆರಿಸಿ, ಚಿಲಕ ಹಾಕಿ, ಅರ್ಧ ಗಂಟೆ ಆ ಓಣಿಯಲ್ಲಿ ಸುಮ್ಮನೆ ನಿಂತಿದ್ದರು. ಆಮೇಲೆ ಎಲ್ಲವನ್ನೂ ಮೊದಲಿದ್ದ ಹಾಗೆ ಮಾಡಿ, ಮನೆಗೆ ಹೋಗಿದ್ದರು.

ಮಧ್ಯಾಹ್ನ 1-15ಕ್ಕೆ ಕೊಲೆ ಎಂದು ಎಫ್‌ಐಆರ್ ದಾಖಲಾಯಿತು. ನಿರ್ದೇಶಕರಿಗೆ ಒಂದು ಪ್ರತಿ ಕಳಿಸುವಾಗ ಇನ್‌ಸ್ಪೆಕ್ಟರಿಗೆ ಒಳಗೊಳಗೇ ಸ್ವಲ್ಪ ಖುಷಿಯಾದದ್ದು ನಿಜ.

ಬುಧವಾರ, ಹದಿಮೂರು. ಪ್ರೊಫೆಸರನ್ನು ಠಾಣೆಗೆ ಕರೆಸಿ, ಆ ತೊಟ್ಟಿಗಳಲ್ಲಿ ಇದ್ದದ್ದು ಏನು ಎಂದು ಕೇಳಿದರು.

"ರಕ್ತದ ಕಣಗಳು. ಏಳು ಮನೆಯವರದ್ದು. ನೂರ ಹನ್ನೆರಡು ಗಂಡಸರದ್ದು."

ಏಳು ಮನೆ ಎಂದರೆ ಒಂದು ದೊಡ್ಡ ಕುಲ. ನಾನೂರು ವರ್ಷದ ಹಿಂದೆ ಎತ್ತುಗಳ ಮೇಲೆ ಉಪ್ಪು ಹೇರಿಕೊಂಡು ಬೆಟ್ಟ ದಾಟಿ ಬಂದ ಏಳು ಜನ ಅಣ್ಣತಮ್ಮಂದಿರ ಮಕ್ಕಳು ತಾವು ಎಂದು ಅವರು ಹೇಳಿಕೊಳ್ಳುತ್ತಿದ್ದರು. ಅದು ನಿಜವೇ, ಬೆಟ್ಟದಾಚೆ ಎಲ್ಲಿಂದ ಬಂದದ್ದು ಎಂದು ಪತ್ತೆ ಮಾಡಿಕೊಡಿ ಎಂದು ಅವರ ಸಂಘವೇ ಪ್ರೊಫೆಸರ ಹತ್ತಿರ ಬಂದಿತ್ತು. ಬರುವ ಭಾನುವಾರ ಏಳೂ ಮನೆಯವರು ಒಂದು ಹಾಲ್‌ನಲ್ಲಿ ಸೇರುವುದು, ಪ್ರೊಫೆಸರು ಫಲಿತಾಂಶ ಓದಿಹೇಳುವುದು ಎಂದು ಗೊತ್ತಾಗಿತ್ತು.

"ರಕ್ತ ನೋಡಿ ನಾನೂರು ವರ್ಷದ ಹಿಂದಿನ ಮಾತು ಹೇಗೆ ಹೇಳ್ತೀರಿ?" ಎಂದ ಕ್ಯಾಲೆಂಡರ್. "ನನಗೆ ನಮ್ಮ ತಾತನ ಹೆಸರೇ ಅನುಮಾನ. ಆದ್ರೂ ಸಂಬಳ ಬರ್ತಾ ಇದೆ."

ಪ್ರೊಫೆಸರು ಮೂರು ದಿನದಲ್ಲಿ ಮೊದಲ ಸಲ ನಕ್ಕರು. "ಗಂಡಸರಲ್ಲಿ ಮಾತ್ರ ಇರೋ ಒಂದು ಕ್ರೋಮೋಸೋಮು, ವೈ ಅಂತ. ಅದು ಅಪ್ಪನಿಂದ ಮಗನಿಗೆ ಇದ್ದ ಹಾಗೇ ಬರುತ್ತೆ. ದೊಡ್ಡ ಪುಸ್ತಕ ಕೈಯಲ್ಲಿ ನಕಲು ಮಾಡೋವಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತಲ್ಲ, ಹಾಗೆ ಕೆಲವು ತಲೆಮಾರಿಗೊಂದು ಬದಲಾವಣೆ ಆಗುತ್ತೆ. ಆ ತಪ್ಪು ಮುಂದಿನವರಿಗೆಲ್ಲ ಹೋಗುತ್ತೆ. ಯಾರ್ಯಾರಲ್ಲಿ ಯಾವ್ಯಾವ ತಪ್ಪು ಇದೆ ಅಂತ ಜೋಡಿಸಿದ್ರೆ, ಯಾರು ಯಾವಾಗ ಬೇರೆಯಾದ್ರು, ಯಾವ ದಾರೀಲಿ ಬಂದ್ರು ಅಂತ ಗೊತ್ತಾಗುತ್ತೆ. ಇವರದ್ದು ನಿಜವಾಗ್ಲೂ ಬೆಟ್ಟದಾಚೆ ಜನರ ಸಾಲೇ. ನಾನು ಪೂರ್ತಿ ಪಟ್ಟಿ ಇನ್ನೂ ನೋಡಿಲ್ಲ. ಕೊನೆಯ ಹೋಲಿಕೆ ಟೆಕ್ನಿಷಿಯನ್ ಮಾಡ್ತಿದ್ದ."

ಬೀಗಮುದ್ರೆ ತೆಗೆಸಿ, ಪಂಚರನ್ನು ನಿಲ್ಲಿಸಿಕೊಂಡು, ನೆಲಮಾಳಿಗೆಯ ಟ್ಯೂಬುಗಳನ್ನು ಎಣಿಸಿದರು. ಈ ಸಲ ಒಳಗೆ ಹೋದವರು ಪ್ರೊಫೆಸರು, ಬಾಗಿಲಲ್ಲಿ ನಿಂತವರು ಇನ್‌ಸ್ಪೆಕ್ಟರ್. ಮುಚ್ಚಳ ತೆಗೆದಾಗ ಬಿಳಿ ಹೊಗೆ ತೊಟ್ಟಿಯ ಅಂಚು ದಾಟಿ, ನೆಲಕ್ಕಿಳಿದು, ಸದ್ದಿಲ್ಲದೆ ಅವರ ಶೂಗಳ ಸುತ್ತ ಬಂತು. ಒಳಗಿರುವ ಮನುಷ್ಯನ ಪ್ರಾಣ ತನ್ನ ಕೈಯಳತೆಯ ಸ್ವಿಚ್ಚಿನಲ್ಲಿದೆ ಎಂದು ಅರಿವಾಗಿ ಇನ್‌ಸ್ಪೆಕ್ಟರ್ ಗೋಡೆಯಿಂದ ಒಂದು ಹೆಜ್ಜೆ ದೂರ ಸರಿದರು. ಮೂರನೇ ತೊಟ್ಟಿಯಲ್ಲಿ ಒಂದು ಟ್ಯೂಬು ಇರಲಿಲ್ಲ. ಸಂಖ್ಯೆ ಅರವತ್ತಮೂರು.

"ಅರವತ್ತಮೂರು ಯಾರು?"

"ಹೇಳೋಕೆ ಬರಲ್ಲ ಮೇಡಂ. ಕೊಟ್ಟವರ ಹೆಸರು ಗುಟ್ಟಾಗಿಡ್ತೀವಿ ಅಂತ ಬರೆದುಕೊಟ್ಟಿದ್ದೀವಿ. ಟೆಕ್ನಿಷಿಯನ್‌ಗೂ ಸಂಖ್ಯೆ ಮಾತ್ರ ಗೊತ್ತಿರಬೇಕು."

"ಇರಬೇಕು. ಆದ್ರೆ ಮನೆ ಮನೆಗೆ ಹೋಗಿ ರಕ್ತ ತೆಗೆದವನು ಅವನೇ ಅಲ್ವಾ? ಅರವತ್ತಮೂರು ಯಾರ ತೋಳು ಅಂತ ಅವನಿಗೆ ನೆನಪಿರಲ್ವಾ?"

ನ್ಯಾಯಾಲಯ ಹೇಳಿದರೆ ಹೆಸರಿನ ಪಟ್ಟಿ ತೋರಿಸುತ್ತೇನೆ ಎಂದರು ಪ್ರೊಫೆಸರು. ಇನ್‌ಸ್ಪೆಕ್ಟರ್ ನ್ಯಾಯಾಲಯದಿಂದ ಆದೇಶ ತರಿಸುವ ಹೊತ್ತಿಗೆ ಸಂಜೆ ಐದಾಯಿತು. ಅಷ್ಟರಲ್ಲಿ ಟೆಕ್ನಿಷಿಯನ್‌ನ ಫೋನಿನ ವಿವರವೂ ಬಂದಿತ್ತು. ಶುಕ್ರವಾರ ಸಂಜೆ ಅವನು ಒಂದು ನಂಬರಿಗೆ ತಾನಾಗಿ ಕರೆ ಮಾಡಿ ಹನ್ನೊಂದು ನಿಮಿಷ ಮಾತಾಡಿದ್ದ. ಶನಿವಾರ ಮಧ್ಯಾಹ್ನ 3-30ಕ್ಕೆ ಅದೇ ನಂಬರಿನಿಂದ ಅವನಿಗೆ ಕರೆ ಬಂದಿತ್ತು. ಪ್ರೊಫೆಸರು ಕಬ್ಬಿಣದ ಕಪಾಟಿನಿಂದ ಪಟ್ಟಿ ತೆಗೆದು ಅರವತ್ತಮೂರರ ಮುಂದಿನ ಹೆಸರಿನ ಮೇಲೆ ಬೆರಳಿಟ್ಟರು. ಫೋನ್ ನಂಬರೂ ಅದೇ.

"ಇವರಾ?" ಪ್ರೊಫೆಸರು ಆ ಹೆಸರನ್ನು ಮತ್ತೊಮ್ಮೆ ಓದಿದರು. "ಈ ಅಧ್ಯಯನ ಬೇಕು ಅಂತ ಓಡಾಡಿದವರೇ ಇವರು. ನಲವತ್ತು ವರ್ಷದಿಂದ ಏಳು ಮನೆಯ ವಂಶವೃಕ್ಷ ಬರೀತಾ ಇರೋರು. ಸಂಘದ ಅಧ್ಯಕ್ಷರು. ಟೆಕ್ನಿಷಿಯನ್‌ನ ಜೊತೆಗೆ ಆರು ತಿಂಗಳು ಮನೆ ಮನೆ ಸುತ್ತಿದ್ದಾರೆ. ಅವನು ಇವರನ್ನ ದೊಡ್ಡಪ್ಪ ಅಂತಲೇ ಕರೀತಿದ್ದ."

"ಕೆಲಸ ಏನು ಮಾಡ್ತಿದ್ರು?"

"ರಿಟೈರ್ಡು. ಸರ್ವೆಯರ್ ಆಗಿದ್ರು."

ಕ್ಯಾಲೆಂಡರ್ ಟೋಪಿ ಸರಿಮಾಡಿಕೊಂಡ.

ಗುರುವಾರ, ಹದಿನಾಲ್ಕು, ಬೆಳಿಗ್ಗೆ 8-20ಕ್ಕೆ ಸರ್ವೆಯರ ಮನೆಯ ಬಾಗಿಲು ತೆಗೆದವಳು ಸೊಸೆ. ಪೊಲೀಸರನ್ನು ಕಂಡು ಸೆರಗು ಸರಿಮಾಡಿಕೊಂಡು, "ಮಾವ ಒಳಗಿದ್ದಾರೆ," ಎಂದಳು. ನಡುಮನೆಯ ಒಂದು ಗೋಡೆ ಪೂರ್ತಿ ವಂಶವೃಕ್ಷದ ನಕ್ಷೆ. ಟ್ರೇಸಿಂಗ್ ಬಟ್ಟೆಯ ಮೇಲೆ ಕಪ್ಪು ಮಸಿಯಲ್ಲಿ ಬರೆದದ್ದು, ಏಳು ಕಾಂಡ, ನೂರಾರು ಕೊಂಬೆ, ಒಂದು ಅಕ್ಷರವೂ ಅಲುಗಿರಲಿಲ್ಲ. ಅದರ ಕೆಳಗೆ ಮೇಜಿನ ಮುಂದೆ ಸರ್ವೆಯರು ಕೂತಿದ್ದರು. ಅರವತ್ತೆಂಟು ವಯಸ್ಸು, ಇಸ್ತ್ರಿ ಮಾಡಿದ ಅಂಗಿ, ಕ್ಷೌರ ಮಾಡಿದ ಗಲ್ಲ. ಕಣ್ಣು ಮಾತ್ರ ನಿದ್ದೆ ಕಂಡು ಎಷ್ಟೋ ದಿನವಾದಂತಿತ್ತು.

ಒಳಕೋಣೆಯಿಂದ ಮುದುಕಿಯೊಬ್ಬರ ದನಿ ಬಂತು. "ಯಾರಪ್ಪಾ ಅದು ಬಂದದ್ದು? ತಿಂಡಿ ತಿಂದ್ಯಾ ಮಗ?"

ಸರ್ವೆಯರು ಉತ್ತರ ಕೊಡಲಿಲ್ಲ. "ಅಜ್ಜಿ, ಮಾವನ ಆಫೀಸಿನವರು," ಎಂದು ಸೊಸೆ ಕೂಗಿ ಹೇಳಿ, ಕೋಣೆಯ ಬಾಗಿಲು ಮುಂದಕ್ಕೆಳೆದಳು.

ಇನ್‌ಸ್ಪೆಕ್ಟರ್ ಎದುರಿನ ಕುರ್ಚಿಯಲ್ಲಿ ಕೂತರು. "ಶನಿವಾರ ಸಂಜೆ ನಾಲ್ಕು ಗಂಟೆಗೆ ಎಲ್ಲಿದ್ರಿ?"

"ಮನೇಲಿ."

ಸೊಸೆ ತಲೆ ತಗ್ಗಿಸಿದಳು. ಇನ್‌ಸ್ಪೆಕ್ಟರ್ ಅದನ್ನು ಗಮನಿಸಿದರು, ಅವಳನ್ನು ಏನೂ ಕೇಳಲಿಲ್ಲ. ಮೇಜಿನ ಮೇಲಿದ್ದ ಸಂಘದ ನಡವಳಿ ಪುಸ್ತಕವನ್ನು ಎಳೆದುಕೊಂಡು ತೆರೆದರು. ಪ್ರತಿ ಸಭೆಯ ಕೊನೆಗೆ ಉಳಿದ ಖಾಲಿ ಜಾಗಕ್ಕೆ ಓರೆಗೆರೆ, ಎರಡೂ ತುದಿಗೆ ಪುಟ್ಟ ಅಡ್ಡಗೀಟು. ಪಕ್ಕದಲ್ಲಿ ಲ್ಯಾಬಿನ ರಿಜಿಸ್ಟರ್ ಪುಟದ ಫೋಟೋ ಇಟ್ಟರು.

"ಇದು ಯಾರ ಕೈ?"

ಸರ್ವೆಯರು ಎರಡನ್ನೂ ಬಹಳ ಹೊತ್ತು ನೋಡಿದರು. ಹುಡುಗಾಟದ ತಪ್ಪು ಕಂಡುಹಿಡಿದ ಮೇಷ್ಟರ ಹಾಗೆ ತುಟಿ ಬಿಗಿಯಾಯಿತು.

"ನಾನು ಗೆರೆ ಎಳೆದದ್ದು ನನಗೇ ಗೊತ್ತಿಲ್ಲ," ಎಂದರು. "ಪುಸ್ತಕ ಕೈಯಲ್ಲಿತ್ತು. ಖಾಲಿ ಬಿಟ್ಟರೆ ಯಾರಾದರೂ ಏನಾದರೂ ಬರೀತಾರೆ."

"ಚಿಲಕದ ಮೇಲೆ ಬೆರಳಚ್ಚೂ ಇದೆ."

"ಇರುತ್ತೆ."

"ಶುಕ್ರವಾರ ಅವನು ಫೋನಲ್ಲಿ ಏನು ಹೇಳಿದ?"

ಸರ್ವೆಯರು ಒಳಕೋಣೆಯ ಕಡೆ ಕಣ್ಣು ಹಾಯಿಸಿ, ದನಿ ತಗ್ಗಿಸಿದರು. "ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ, ಭಾನುವಾರ ಎಲ್ಲರೆದುರು ಕೇಳಿ ನಿಮಗೆ ಆಘಾತ ಆಗಬಾರದು ಅಂತ ಮುಂಚೆ ಹೇಳ್ತಿದ್ದೀನಿ ಅಂದ. ನೂರ ಹನ್ನೊಂದು ಜನರದ್ದು ಒಂದೇ ಸಾಲು, ನಿಮ್ಮದೊಂದು ಬೇರೆ ಅಂದ. ಕಡಲ ಕಡೆಯವರದ್ದಂತೆ. ಬೆಟ್ಟದವರಿಗೂ ಅದಕ್ಕೂ ಸಂಬಂಧವೇ ಇಲ್ಲವಂತೆ."

"ನೀವು ಏನು ಅರ್ಥ ಮಾಡಿಕೊಂಡ್ರಿ?"

"ಅರ್ಥ ಮಾಡಿಕೊಳ್ಳೋಕೆ ಇನ್ನೇನಿದೆ? ನಮ್ಮ ತಾತ ಒಬ್ಬನೇ ಮಗ. ನಮ್ಮಪ್ಪ ಒಬ್ಬನೇ ಮಗ. ನಾನೊಬ್ಬನೇ. ಏಳರಲ್ಲಿ ನಮ್ಮ ಮನೆಯಿಂದ ರಕ್ತ ಕೊಟ್ಟವನೂ ನಾನೊಬ್ಬನೇ, ಹೋಲಿಸಿ ನೋಡೋಕೆ ಇನ್ನೊಬ್ಬರಿಲ್ಲ." ಅವರ ಕೈ ಮೇಜಿನಂಚನ್ನು ಹಿಡಿಯಿತು. "ನಾನು ನಮ್ಮಪ್ಪನ ಮಗ ಅಲ್ಲ ಅಂತ ತಾನೆ? ನಮ್ಮಮ್ಮನಿಗೆ ತೊಂಬತ್ತೊಂದು ವರ್ಷ. ಭಾನುವಾರ ಅವಳನ್ನ ಮುಂದಿನ ಸಾಲಲ್ಲಿ ಕೂರಿಸಬೇಕು ಅಂತಿತ್ತು. ಏಳು ಮನೆ ಜನ ಅವಳ ಕಡೆ ತಿರುಗಿ ನೋಡ್ತಾರೆ. ನಾನು ಬದುಕಿದ್ದು ಅದನ್ನ ನೋಡಬೇಕಾ?"

"ಶನಿವಾರ ಯಾಕೆ ಹೋದ್ರಿ?"

"ನನ್ನ ರಕ್ತ ನನಗೆ ವಾಪಸು ಕೊಡು ಅಂದೆ. ಯಾವಾಗ ಬೇಕಾದ್ರೂ ವಾಪಸು ಕೇಳಬಹುದು ಅಂತ ಅವರೇ ಬರೆದುಕೊಟ್ಟಿದ್ರಲ್ಲ. ಹಳ್ಳಿಗೆ ಹೊರಟಿದ್ದವನು ನನಗೋಸ್ಕರ ನಿಂತ. ಹಿಂದಿನ ಗೇಟು ತೆಗೆದು ಕರೆದುಕೊಂಡು ಹೋದ. ದೊಡ್ಡಪ್ಪ, ಒಬ್ಬನೇ ಒಳಗೆ ಹೋಗೋ ಹಾಗಿಲ್ಲ, ನೀವು ಬಾಗಿಲಲ್ಲಿ ನಿಂತ್ಕೊಳ್ಳಿ ಅಂತ ಪುಸ್ತಕ ನನ್ನ ಕೈಗೆ ಕೊಟ್ಟ. ಟ್ಯೂಬು ತಂದುಕೊಟ್ಟು, ತೊಟ್ಟಿ ತುಂಬಿಸೋಕೆ ಮತ್ತೆ ಒಳಗೆ ಹೋದ. ಈ ಮಾತು ಬೇರೆ ಯಾರಿಗೆ ಗೊತ್ತು ಅಂತ ಕೇಳಿದೆ. ನನಗೊಬ್ಬನಿಗೇ, ಪ್ರೊಫೆಸರು ಇನ್ನೂ ನೋಡಿಲ್ಲ ಅಂದ."

ಸರ್ವೆಯರು ಮೇಜಿನ ಮೇಲಿದ್ದ ನಡವಳಿ ಪುಸ್ತಕ ಮುಚ್ಚಿದರು.

"ಎರಡು ಉಸಿರಿಗೆ ಮುಗಿಯುತ್ತೆ ಅಂತ ಅವನೇ ಒಂದು ಸಲ ಹೇಳಿದ್ದ. ಸಂಘದವರಿಗೆಲ್ಲ ಕೋಣೆ ತೋರಿಸಿದಾಗ. ನೋವಾಗಲ್ಲ ಅಂದಿದ್ದ."

"ರಕ್ತದ ಇನ್ನರ್ಧ ಮೇಲಿನ ಫ್ರೀಜರ್‌ನಲ್ಲಿದೆ. ಎಲ್ಲರದ್ದೂ ಎರಡು ಭಾಗ ಮಾಡಿ ಇಟ್ಟಿರ್ತಾರೆ. ಓದಿದ್ದೆಲ್ಲ ಕಂಪ್ಯೂಟರಲ್ಲಿದೆ. ಅವನು ಸತ್ತರೂ ಅದು ಇರುತ್ತೆ," ಎಂದರು ಇನ್‌ಸ್ಪೆಕ್ಟರ್.

ಸರ್ವೆಯರು ಕಣ್ಣು ಮುಚ್ಚಿಕೊಂಡರು. "ನನಗೆ ಯಾರು ಹೇಳಿದ್ರು ಅದನ್ನ," ಎಂದರು.

ಟ್ಯೂಬು ಅಟ್ಟದ ಮೇಲಿನ ಹಳೆಯ ಸರ್ವೆ ಸಾಮಾನಿನ ಪೆಟ್ಟಿಗೆಯಲ್ಲಿ ಸಿಕ್ಕಿತು. ಪಂಚನಾಮೆ ಮುಗಿದು, ಮಧ್ಯಾಹ್ನ 12-40ಕ್ಕೆ ಬಂಧನವಾಯಿತು. ಹೊರಡುವಾಗ ಒಳಕೋಣೆಯಿಂದ ಮತ್ತೆ ದನಿ ಬಂತು: "ಬಿಸಿಲಿಗೆ ಎಲ್ಲೋ ಹೊರಟ್ಯಾ? ಛತ್ರಿ ತಗೊಂಡು ಹೋಗಪ್ಪ." ಸರ್ವೆಯರು ತಿರುಗಿ ನೋಡದೆ ಜೀಪು ಹತ್ತಿದರು. ಕೊಲೆಗಾರರನ್ನು ಹಿಡಿದಾಗ ಆಗುವ ನಿರಾಳ ಅವತ್ತು ಇನ್‌ಸ್ಪೆಕ್ಟರಿಗೆ ಆಗಲಿಲ್ಲ.

ಶುಕ್ರವಾರ, ಹದಿನೈದು. ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಬಿನ ಬೀಗಮುದ್ರೆ ಪೂರ್ತಿ ತೆಗೆದರು. 10-30ಕ್ಕೆ ಪ್ರೊಫೆಸರು ಒಂದು ಪ್ರಿಂಟು ಹಿಡಿದುಕೊಂಡು ಏದುಸಿರು ಬಿಡುತ್ತಾ ಠಾಣೆಗೆ ಬಂದರು.

"ಮೇಡಂ, ನೂರ ಹನ್ನೆರಡಲ್ಲ, ನೂರ ಹದಿಮೂರು ಸ್ಯಾಂಪಲ್ ಇದೆ. ಶನಿವಾರ ಬೆಳಿಗ್ಗೆ ಕೊರಿಯರ್‌ನಲ್ಲಿ ಬಂದಿದೆ. ಟೆಕ್ನಿಷಿಯನ್ ಮಧ್ಯಾಹ್ನ ಅದನ್ನ ಯಂತ್ರಕ್ಕೆ ಹಾಕಿದ್ದಾನೆ. ಓದೋಕೆ ನಲವತ್ತು ಗಂಟೆ ಬೇಕು. ಸೋಮವಾರ ಬೆಳಿಗ್ಗೆ ಮುಗಿದಿದೆ. ನೀವು ಬೀಗ ಹಾಕಿದ್ರಿ, ಯಾರೂ ನೋಡಲಿಲ್ಲ."

"ಯಾರದ್ದು ಅದು?"

ಸರ್ವೆಯರ ತಾತನ ತಾತನಿಗೆ ಒಬ್ಬ ತಮ್ಮನಿದ್ದ. ಜಗಳವಾಡಿಕೊಂಡು ದೂರದ ಊರಿಗೆ ಹೋಗಿ, ಅವನ ಕೊಂಬೆ ನಕ್ಷೆಯಲ್ಲಿ ಅಲ್ಲಿಗೇ ನಿಂತಿತ್ತು. ಟೆಕ್ನಿಷಿಯನ್ ಅದೇ ನಕ್ಷೆ ನೋಡಿಕೊಂಡು, ತಿಂಗಳುಗಟ್ಟಲೆ ಹುಡುಕಿ, ಆ ಕೊಂಬೆಯ ಒಬ್ಬ ಗಂಡಸನ್ನು ಪತ್ತೆ ಮಾಡಿ ರಕ್ತ ತರಿಸಿದ್ದ. ಪ್ರೊಫೆಸರು ಅರವತ್ತಮೂರರದ್ದು ಒಂದು, ಈ ಹೊಸದರದ್ದು ಒಂದು, ಎರಡು ಸಾಲು ಅಂಕಿಗಳ ಮೇಲೆ ಬೆರಳು ಸರಿಸಿದರು. ಎರಡು ಕಡೆ ಬಿಟ್ಟರೆ ಉಳಿದದ್ದೆಲ್ಲ ಒಂದೇ.

ಇನ್‌ಸ್ಪೆಕ್ಟರಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಅರ್ಥವಾದ ಮೇಲೆ ಆ ಕಾಗದವನ್ನು ತೆಗೆದುಕೊಂಡು ಲಾಕಪ್ಪಿನ ಹತ್ತಿರ ಹೋದರು. ಹೇಳಲೇಬೇಕೆಂದು ಯಾವ ಕಾನೂನಿನಲ್ಲೂ ಇರಲಿಲ್ಲ.

"ಊರು ಬಿಟ್ಟು ಹೋದ ನಿಮ್ಮ ತಾತನ ತಾತನ ತಮ್ಮ, ಅವರ ಕಡೆಯವರದ್ದೂ ಕಡಲ ಸಾಲೇ," ಎಂದರು. "ನಿಮ್ಮದೂ ಅವರದ್ದೂ ಒಂದೇ. ಅಂದ್ರೆ ಐದು ತಲೆಮಾರಿನ ಹಿಂದೆಯೇ ನಿಮ್ಮ ಮನೆಯದ್ದು ಬೇರೆ ಸಾಲಾಗಿತ್ತು. ನೀವು ನಿಮ್ಮಪ್ಪನ ಮಗನೇ. ಅವರು ಅವರಪ್ಪನ ಮಗನೇ."

ಸರ್ವೆಯರು ಕಂಬಿ ಹಿಡಿದುಕೊಂಡು ಎದ್ದರು. "ಮತ್ತೆ ಏಳು ಜನ ಅಣ್ಣತಮ್ಮಂದಿರು?"

"ಖಚಿತವಾಗಿ ಹೇಳೋಕಾಗಲ್ಲ," ಎಂದರು ಹಿಂದೆ ನಿಂತಿದ್ದ ಪ್ರೊಫೆಸರು. "ನನ್ನ ಊಹೆ ಕೇಳಿದ್ರೆ, ಹೊರಟಾಗ ಆರೇ ಜನ. ದಾರೀಲಿ ಒಬ್ಬ ಜೊತೆಯಾಗಿದ್ದಾನೆ. ಇವನೂ ನಮ್ಮ ತಮ್ಮನೇ ಅಂದಿದ್ದಾರೆ. ಆಮೇಲೆ ನಾನೂರು ವರ್ಷ ಯಾರೂ ಅವನನ್ನ ಬೇರೆ ಅನ್ನಲಿಲ್ಲ."

ಸರ್ವೆಯರು ಮೆಲ್ಲಗೆ ನೆಲದ ಮೇಲೆ ಕೂತರು. "ಶುಕ್ರವಾರದಿಂದ ನಾನು ಅಮ್ಮನ ಹತ್ರ ಮಾತಾಡಿಲ್ಲ. ಅವಳ ಮುಖ ನೋಡಿಲ್ಲ. ಅವಳ ಮಾನ ಕಾಪಾಡ್ತೀನಿ ಅಂತ ಒಂದು ಜೀವ ತೆಗೆದೆ. ಆದ್ರೆ ಮೊದಲು ಅವಳನ್ನ ಅನುಮಾನಿಸಿದವನು ನಾನೇ." ಆಮೇಲೆ ಅಂಗೈಯಲ್ಲಿ ಮುಖ ಒರೆಸಿಕೊಂಡು, ಇನ್‌ಸ್ಪೆಕ್ಟರ್ ಕೇಳದಿದ್ದರೂ ಹೇಳಿದರು. "ಬಾಗಿಲು ಹಾಕೋ ಮುಂಚೆ ಅವನು ಅಂದ. ದೊಡ್ಡಪ್ಪ, ದುಡುಕಬೇಡಿ, ಇನ್ನೊಂದು ಸ್ಯಾಂಪಲ್ ಹಾಕಿದ್ದೀನಿ, ಸೋಮವಾರದ ತನಕ ಕಾಯಿರಿ, ಸೋಮವಾರ ಖಂಡಿತ ಹೇಳ್ತೀನಿ ಅಂದ. ಸುಮ್ಮನೆ ಸಮಾಧಾನಕ್ಕೆ ಹೇಳ್ತಿದ್ದಾನೆ ಅಂದ್ಕೊಂಡೆ."

ಸತ್ತವನ ಹೆಂಡತಿ ಅಂದು ಎಫ್‌ಐಆರ್ ಪ್ರತಿಗೆ ಬಂದಿದ್ದಳು. ರೈಟರ ಮೇಜಿನ ಮುಂದೆ ನಿಂತು ಅದನ್ನು ಅಕ್ಷರ ಬಿಡದೆ ಓದಿದ್ದಳು. ನಿರ್ಲಕ್ಷ್ಯ ಎನ್ನುವ ಮಾತು ಅದರಲ್ಲಿರಲಿಲ್ಲ. ಲಾಕಪ್ಪಿನ ಮಾತುಗಳು ಅಲ್ಲಿಗೆ ಸ್ಪಷ್ಟವಾಗಿ ಕೇಳಿಸುತ್ತಿದ್ದವು. 11-20ಕ್ಕೆ ಸರ್ವೆಯರನ್ನು ನ್ಯಾಯಾಲಯಕ್ಕೆ ಕರೆದೊಯ್ಯಲು ಹೊರಗೆ ತಂದಾಗ ಅವಳು ದಾರಿ ಬಿಡಲಿಲ್ಲ. ಕ್ಯಾಲೆಂಡರ್ ಮುಂದೆ ಬಂದ. ಇನ್‌ಸ್ಪೆಕ್ಟರ್ ಕಣ್ಣಲ್ಲೇ ಬೇಡವೆಂದರು.

"ಸೋಮವಾರ ಹೇಳ್ತೀನಿ ಅಂದಿದ್ರಾ?" ಎಂದು ಅವಳು ಕೇಳಿದಳು.

ಸರ್ವೆಯರು ತಲೆಯೆತ್ತದೆ, "ಹೌದಮ್ಮ," ಎಂದರು.

"ಅವರು ಹೇಳಿದ ದಿನ ತಪ್ಪಿಸ್ತಿರಲಿಲ್ಲ," ಎಂದಳು. ಆ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟುಕೊಂಡು, ಮಕ್ಕಳ ಊಟದ ಹೊತ್ತಾಯಿತೆಂದು ಮೆಟ್ಟಿಲಿಳಿದು ಹೋದಳು.